ದಿನಬಳಕೆಗೆ ಯಾವ ಆಲಿವ್ ಎಣ್ಣೆ ತರೋದು? ಗಂಟಲಿಗೆ ಘಾಟು ಹತ್ತಿದರೆ ಕೆಟ್ಟಿದೆ ಅಂತಾನಾ?

ಸವಿತಾ_ರಾಜಾಜಿನಗರ
ಎಲ್ಲರಿಗೂ ನಮಸ್ಕಾರ. ಎಣ್ಣೆ ವಿಷಯಕ್ಕೆ ನಮ್ಮ ಮನೇಲಿ ಎರಡು ವಾರದಿಂದ ಪಂಚಾಯ್ತಿ ನಡೀತಿದೆ. ನೀವೇ ತೀರ್ಪು ಕೊಡಿ.

ಕಳೆದ ದೀಪಾವಳಿ ಆಫರಿನಲ್ಲಿ ಐದು ಲೀಟರಿನ ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆ ಡಬ್ಬಿ ತಂದೆ. ಲೀಟರ್ ಲೆಕ್ಕದಲ್ಲಿ ಅಗ್ಗ ಬಿತ್ತು ಅನ್ನೋ ಖುಷಿ. ಕೈಗೆ ಸಿಗಲಿ ಅಂತ ಒಲೆ ಪಕ್ಕದ ಕಟ್ಟೆ ಮೇಲೆ ಇಟ್ಟೆ. ಕೋಸಂಬರಿ, ಪಾಸ್ತಾ, ಮಕ್ಕಳ ಟೋಸ್ಟು, ಆಗೀಗ ಪಲ್ಯ ಅಂತ ಬಳಸ್ತಾ ಬಂದೆ. ಹತ್ತು ತಿಂಗಳಾದರೂ ತಳ ಕಂಡಿಲ್ಲ.

ಹೋದ ವಾರ ನನ್ನ ತಮ್ಮ ಸ್ಪೇನಿನಿಂದ ಬಂದವರೊಬ್ಬರ ಕೈಲಿ ಅರ್ಧ ಲೀಟರಿನ ಕಪ್ಪು ಬಾಟಲಿ ಕಳಿಸಿದ. ಅಮ್ಮ ನಮ್ಮ ಜೊತೆಗೇ ಇರೋದು, ಹುಬ್ಬಳ್ಳಿಯವರು. ಒಂದು ಚಮಚ ಬಾಯಿಗೆ ಹಾಕ್ಕೊಂಡು ಕೆಮ್ಮಿದ್ದೇ ಕೆಮ್ಮಿದ್ದು. "ಗಂಟಲಾಗ ಘಾಟ ಹತ್ತೇತಿ, ಕಹಿ ಐತಿ, ಈ ಎಣ್ಣಿ ಕೆಟ್ಟೇತಿ, ಚೆಲ್ಲು" ಅಂದ್ರು. ಡಬ್ಬಿ ಎಣ್ಣೆ ಮಾತ್ರ "ಮೆತ್ತಗ ಐತಿ, ಇದ ಚಲೋ" ಅಂತೆ. ತಮ್ಮ ಫೋನಲ್ಲಿ ತಲೆ ಚಚ್ಚಿಕೊಳ್ತಿದ್ದಾನೆ.

ಯಾವುದು ಕೆಟ್ಟಿರೋದು? ಮುಂದೆ ದಿನಬಳಕೆಗೆ ಏನು ನೋಡಿ ತರಬೇಕು? ನಾಲ್ಕು ಜನರ ಮನೆ, ಇದಕ್ಕೇ ಅಂತ ತಿಂಗಳಿಗೆ ಆರೇಳು ನೂರರ ಮೇಲೆ ಹಾಕೋಕಾಗಲ್ಲ. ಇದರಲ್ಲಿ ಒಗ್ಗರಣೆ ಹಾಕಬಾರದು ಅಂತಾರಲ್ಲ, ಅದು ನಿಜಾನಾ?

ಮಾವಿನ್‌ಕಾಯಿ
ತೀರ್ಪು: ಅಮ್ಮ ಯಾವತ್ತೂ ಸರಿ. ಮುಂದಿನ ಕೇಸು ಕರೀರಿ.

ಗ್ರಾನಡಾದ_ಕನ್ನಡಿಗ
ಅಮ್ಮನಿಗೆ ಸಾಷ್ಟಾಂಗ ಹಾಕಿಯೇ ಹೇಳ್ತೀನಿ, ಈ ಸಲ ತಮ್ಮನ ಕಡೆ ತೂಕ ಜಾಸ್ತಿ. ಆ ಘಾಟು ಹೊಸ ಎಣ್ಣೆಯ ಲಕ್ಷಣ. ಮಾವಿನಕಾಯಿ ಹುಳಿ ಇದ್ರೆ ಕೆಟ್ಟಿದೆ ಅಂತೀವಾ?

ನಾನಿಲ್ಲಿ ಸ್ಪೇನಿನ ಗ್ರಾನಡಾದಲ್ಲಿ ಆರು ವರ್ಷದಿಂದ ಇದ್ದೀನಿ. ಪಕ್ಕದ ಹಾಯೆನ್ ಜಿಲ್ಲೆಯಲ್ಲಿ ಸ್ನೇಹಿತನ ಮನೆಯವರ ತೋಟ ಇದೆ, ಪ್ರತಿ ಚಳಿಗಾಲ ಎರಡು ದಿನ ಕೆಲಸಕ್ಕೆ ಅಂತ ಹೋಗ್ತೀನಿ (ಕೆಲಸಕ್ಕಿಂತ ಊಟಕ್ಕೆ). ಆ ಒಂದೇ ಜಿಲ್ಲೆಯಲ್ಲಿ ಆರು ಕೋಟಿಗೂ ಮೇಲ್ಪಟ್ಟು ಆಲಿವ್ ಮರಗಳಿವೆ. ಗುಡ್ಡ ಹತ್ತಿ ನಿಂತರೆ ಬೇರೆ ಗಿಡವೇ ಕಾಣಲ್ಲ, ಯಾರೋ ರಂಗೋಲಿ ಚುಕ್ಕಿ ಇಟ್ಟ ಹಾಗೆ ಸಾಲು ಸಾಲು.

ಕೊಯ್ಲು ಹೇಗೆ ಅಂದ್ರೆ, ಮರದ ಬುಡಕ್ಕೆ ಬಲೆ ಹಾಸ್ತಾರೆ, ಕಾಂಡಕ್ಕೆ ಒಂದು ಮಷೀನು ಕಚ್ಚಿಸಿ ಗಡಗಡ ಅಲ್ಲಾಡಿಸ್ತಾರೆ. ಉಳಿದ ಕಾಯಿಗೆ ಉದ್ದದ ಕೋಲು, ಥೇಟ್ ನಮ್ಮ ದೋಟಿ. ನನ್ನ ಕಣ್ಣಿಗೆ ಬಿದ್ದಿದ್ದು ಒಂದು ವಿಷಯ. ಬಲೆಗೆ ಬಿದ್ದ ಕಾಯಿ ಒಂದು ಟ್ರೇಲರಿಗೆ ಹೋಗುತ್ತೆ, ಅದಕ್ಕೆ ಮೊದಲೇ ತಾನಾಗಿ ನೆಲಕ್ಕುದುರಿ ಬಿದ್ದಿದ್ದ ಕಾಯಿ ಇನ್ನೊಂದಕ್ಕೆ. ಎರಡನ್ನೂ ಬೆರೆಸಿದರೆ ಮನೆ ಯಜಮಾನರು ಬೈದಾಡ್ತಾರೆ. ನೆಲದ ಕಾಯಿ ಒಳಗೊಳಗೇ ಹುಳಿತು ಹೋಗಿರುತ್ತೆ, ಅದರ ಎಣ್ಣೆಗೆ 'ಲಂಪಾಂತೆ' ಅಂತ ಹೆಸರು. ಅರ್ಥ ದೀಪದ ಎಣ್ಣೆ! ಹಿಂದೆ ದೀಪಕ್ಕೇ ಹಾಕ್ತಿದ್ರು. ಈಗ ಅದನ್ನ ರಿಫೈನರಿಗೆ ಕಳಿಸಿ, ವಾಸನೆ ಬಣ್ಣ ಎಲ್ಲ ತೆಗೆದು, ಒಂದಿಷ್ಟು ವರ್ಜಿನ್ ಎಣ್ಣೆ ಬೆರೆಸಿ ಮಾರ್ತಾರೆ. ನಮ್ಮಲ್ಲಿ 'ಪ್ಯೂರ್', 'ಕ್ಲಾಸಿಕ್', 'ಲೈಟ್' ಅಂತ ಬರುತ್ತಲ್ಲ, ಅದೇ ಇದು. ಲೈಟ್ ಅಂದ್ರೆ ಕೊಬ್ಬು ಕಮ್ಮಿ ಅಂತಲ್ಲ ಮಾರಾಯ್ರೆ. ರುಚಿ ಕಮ್ಮಿ ಅಷ್ಟೆ.

ಮರದಿಂದ ನೇರ ಬಂದ ಕಾಯಿಯನ್ನ ಅವತ್ತೇ, ತಡ ಅಂದ್ರೆ ಮಾರನೇ ದಿನ ಅರೆದು, ಬಿಸಿ ಮಾಡದೆ ಎಣ್ಣೆ ತೆಗೆದ್ರೆ ಮಾತ್ರ ಎಕ್ಸ್‌ಟ್ರಾ ವರ್ಜಿನ್ ಆಗೋ ಯೋಗ. ಅಕ್ಟೋಬರ್–ನವೆಂಬರಿನ ಹಸಿರು ಕಾಯಲ್ಲಿ ಎಣ್ಣೆ ಕಮ್ಮಿ, ಘಾಟು ಜಾಸ್ತಿ. ಜನವರಿಯ ಕಪ್ಪು ಕಾಯಲ್ಲಿ ಎಣ್ಣೆ ಜಾಸ್ತಿ, ಘಾಟು ಕಮ್ಮಿ. ಒಂದು ಲೀಟರಿಗೆ ಸುಮಾರು ಐದು ಕಿಲೋ ಕಾಯಿ ಬೇಕು, ಎಳೇ ಕಾಯಾದ್ರೆ ಇನ್ನೂ ಹೆಚ್ಚು.

ನಿಮ್ಮ ತಮ್ಮ ಕಳಿಸಿದ್ದು ಹಾಯೆನ್ ಕಡೆಯದಾದ್ರೆ ಬಹುಶಃ 'ಪಿಕುವಲ್' ತಳಿ. ಟೊಮೇಟೊ ಗಿಡದ ಎಲೆ ಉಜ್ಜಿದ ವಾಸನೆ, ನಾಲಗೆಗೆ ಕಹಿ, ಗಂಟಲಿಗೆ ಖಾರ. ಇಲ್ಲಿ ಬೆಳಗ್ಗೆ ಸುಟ್ಟ ಬ್ರೆಡ್ಡಿನ ಮೇಲೆ ತುರಿದ ಟೊಮೇಟೊ, ಉಪ್ಪು, ಮೇಲೆ ಇದೇ ಎಣ್ಣೆ ಧಾರಾಳ. ಮೊದಲ ವಾರ ನಾನೂ ನಿಮ್ಮಮ್ಮನ ಹಾಗೇ ಕೆಮ್ಮಿದ್ದೆ.

ಬಾಟಲಿಯ ಹಿಂದೆ 'ಕೊಸೆಚಾ' ಅಂತ ವರ್ಷ ಬರೆದಿದೆಯಾ ನೋಡಿ. ಕೊಯ್ಲಿನ ವರ್ಷ ಅದು.

ಸವಿತಾ_ರಾಜಾಜಿನಗರ
ಇದೆ! 'ಪಿಕುವಲ್' ಅಂತಲೂ ಇದೆ, ಕೊಯ್ಲು ಹೋದ ನವೆಂಬರ್. ಡಬ್ಬಿ ಮೇಲೆ ಕೊಯ್ಲಿನ ಸುದ್ದಿಯೇ ಇಲ್ಲ, 'ಬೆಸ್ಟ್ ಬಿಫೋರ್' ಮಾತ್ರ, ಅದಕ್ಕಿನ್ನೂ ನಾಲ್ಕು ತಿಂಗಳಿದೆ. ಹಾಗಾದ್ರೆ ಡಬ್ಬಿನೂ ಚೆನ್ನಾಗೇ ಇರಬೇಕಲ್ವಾ?

ಲ್ಯಾಬ್‌ಕೋಟು_ಮೈಸೂರು
ಇರಬೇಕಿಲ್ಲ ಮೇಡಂ. ಹತ್ತು ವರ್ಷ ಎಣ್ಣೆ ಪರೀಕ್ಷೆಯ ಲ್ಯಾಬಿನಲ್ಲಿ ದುಡಿದವನು ನಾನು, ಸ್ವಲ್ಪ ಕೊರೀತೀನಿ, ಸಹಿಸಿಕೊಳ್ಳಿ.

'ಬೆಸ್ಟ್ ಬಿಫೋರ್' ಅನ್ನೋದನ್ನ ಸಾಮಾನ್ಯವಾಗಿ ಬಾಟಲಿಗೆ ತುಂಬಿದ ದಿನದಿಂದ ಒಂದೂವರೆ–ಎರಡು ವರ್ಷ ಎಣಿಸಿ ಹಾಕ್ತಾರೆ. ಅದಕ್ಕೂ ಮೊದಲು ಎಣ್ಣೆ ದೊಡ್ಡ ಟ್ಯಾಂಕಿನಲ್ಲಿ ಎಷ್ಟು ತಿಂಗಳು ಇತ್ತು ಅನ್ನೋದು ಅದರಲ್ಲಿ ಬರಲ್ಲ. ಮತ್ತೆ ಆ ಲೆಕ್ಕ ಮುಚ್ಚಿದ ಡಬ್ಬಿಗೆ. ಮುಚ್ಚಳ ತೆಗೆದ ದಿನದಿಂದ ಆಟವೇ ಬೇರೆ. ಗಾಳಿ, ಬೆಳಕು, ಬಿಸಿ, ಈ ಮೂರೂ ಸೇರಿದ್ರೆ ಯಾವ ಎಣ್ಣೆಯೂ ಉಳಿಯಲ್ಲ. ನೀವು ಒಲೆ ಪಕ್ಕ ಇಟ್ಟಿದ್ದು ಹತ್ತು ತಿಂಗಳು. ಡಬ್ಬಿ ಅರ್ಧ ಖಾಲಿ ಆಗಿದೆ ಅಂದ್ರೆ ಮಿಕ್ಕರ್ಧ ತುಂಬ ಗಾಳಿ.

ಇನ್ನು ಲೇಬಲ್ಲಿನ ಅಂಕಿಗಳು. ಎಕ್ಸ್‌ಟ್ರಾ ವರ್ಜಿನ್ ಅನ್ನಿಸಿಕೊಳ್ಳೋಕೆ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಆಮ್ಲೀಯತೆ 0.8%ಗಿಂತ ಹೆಚ್ಚಿರಬಾರದು, ಪೆರಾಕ್ಸೈಡ್ ಮೌಲ್ಯ (ಗಾಳಿ ತಾಗಿ ಎಣ್ಣೆ ಎಷ್ಟು ಹಳಸೋಕೆ ಶುರುವಾಗಿದೆ ಅನ್ನೋ ಅಳತೆ) 20 ದಾಟಬಾರದು. ಈ ಆಮ್ಲೀಯತೆ ನಾಲಗೆಗೆ ಸಿಗೋ ಹುಳಿಯಲ್ಲ, ಹೊಟ್ಟೆಯ ಆಸಿಡಿಟಿಯಂತೂ ಅಲ್ವೇ ಅಲ್ಲ (ಈ ಪ್ರಶ್ನೆ ನನಗೆ ನೂರು ಸಲ ಬಂದಿದೆ). ಕಾಯಿ ಜಜ್ಜಿ ಹೋಗಿತ್ತಾ, ರಾಶಿಯಲ್ಲಿ ಕೊಳೆತಿತ್ತಾ ಅನ್ನೋದರ ಗುರುತು ಅದು. 0.2, 0.3 ಅಂತ ಬರೆದಿದ್ರೆ ಒಳ್ಳೇ ಕಾಯಿ ಬಳಸಿದ್ದಾರೆ ಅಂತ ಹೇಳಬಹುದು. ಆದರೆ ಅದು ತುಂಬಿದ ದಿನದ ಅಂಕಿ. ಇವತ್ತು ಎಣ್ಣೆ ಹೇಗಿದೆ ಅಂತ ಅದು ಹೇಳಲ್ಲ.

ಇದರ ಜೊತೆ ಬೇರೆ ಯಾವ ಎಣ್ಣೆಗೂ ಇಲ್ಲದ ಒಂದು ಶಾಸ್ತ್ರ ಇದಕ್ಕಿದೆ. ತರಬೇತಾದ ರುಚಿಗಾರರ ತಂಡ ಕೂತು ಕುಡಿದು ನೋಡಬೇಕು. ಒಂದೇ ಒಂದು ದೋಷ ಸಿಕ್ಕರೂ, ಅಂಕಿ ಎಲ್ಲ ಸರಿಯಿದ್ದರೂ, 'ಎಕ್ಸ್‌ಟ್ರಾ' ಪಟ್ಟ ಹೋಯ್ತು. ಅವರ ಲೋಟ ಕಡುನೀಲಿ ಗಾಜಿಂದು. ಎಣ್ಣೆ ಬಣ್ಣ ಕಣ್ಣಿಗೆ ಬೀಳಬಾರದು ಅಂತಲೇ ಹಾಗೆ. ಹಸಿರಿದ್ರೆ ಒಳ್ಳೇದು, ಹಳದಿ ಇದ್ರೆ ಕಲಬೆರಕೆ ಅನ್ನೋದೆಲ್ಲ ಸುಮ್ನೆ.

ಮನೇಲಿ ಹೀಗೆ ಮಾಡಿ. ಎರಡು ಪುಟ್ಟ ಲೋಟ, ಒಂದೊಂದರಲ್ಲೂ ಒಂದು ದೊಡ್ಡ ಚಮಚ ಎಣ್ಣೆ. ತಟ್ಟೆ ಮುಚ್ಚಿ, ಅಂಗೈಯಲ್ಲಿ ಹಿಡಿದು ಎರಡು ನಿಮಿಷ ಬೆಚ್ಚಗೆ ಮಾಡಿ. ಮುಚ್ಚಳ ತೆಗೆದು ಮೊದಲು ಮೂಸಿ, ಆಮೇಲೆ ಗುಟುಕು. ಬಿಸಿ ಕಾಫಿ ಸೊರ್ರ್ ಅಂತ ಎಳೀತೀವಲ್ಲ, ಹಾಗೆ ಗಾಳಿ ಸಮೇತ ಎಳೀಬೇಕು. ಹಸಿ ಹುಲ್ಲು, ಸೊಪ್ಪು, ಹಣ್ಣು, ಬಾದಾಮಿ ಈ ಥರ ಏನಾದ್ರೂ ನೆನಪಾದ್ರೆ ಒಳ್ಳೇದು. ಕಮಟು, ಮುಗ್ಗಲು, ವಿನೆಗರ್ ಅಥವಾ ಕೆಸರು ನೆನಪಾದ್ರೆ ಕೆಟ್ಟದ್ದು.

ಒಂದು ಸುಳಿವು ಕೊಡ್ತೀನಿ. ಗೌರಿ ಹಬ್ಬಕ್ಕೆ ಮಾಡಿದ ಚಕ್ಕುಲಿ ಡಬ್ಬಿ ದೀಪಾವಳಿಗೆ ತೆಗೆದ್ರೆ ಒಂದು ವಾಸನೆ ಬರುತ್ತಲ್ಲ? ಅದನ್ನ ಹುಡುಕಿ. ಲೋಟಕ್ಕೆ ಹೆಸರು ಬರೀಬೇಡಿ, ಅಮ್ಮನ ಕೈಗೆ ಸುಮ್ನೆ ಕೊಡಿ.

ಮಾವಿನ್‌ಕಾಯಿ
ಸರ್, ಎಣ್ಣೆ ಕುಡಿಯೋ ಕೆಲಸಕ್ಕೆ ಸಂಬಳನೂ ಕೊಡ್ತಾರಾ? ನಮ್ಮೂರಲ್ಲಿ ಎಣ್ಣೆ ಹಾಕೋರು ಕೈಯಿಂದ ಕಳಕೊಳ್ತಾರೆ.

ಬಾಗೇವಾಡಿ_ಬಸು
ಅಲ್ರೀ, ನನಗೊಂದು ತಿಳೀವಲ್ದು. ನಮ್ಮ ಕಡಿ ಬಿಸಿ ರೊಟ್ಟಿ ಮ್ಯಾಲ ಗುರೆಳ್ಳ ಚಟ್ನಿಪುಡಿ ಹಾಕ್ಕೊಂಡು, ನಡಕ್ಕ ಕುಣಿ ಮಾಡಿ ಹಸೀ ಕುಸುಬಿ ಎಣ್ಣಿ ಬಿಟ್ಕೊಂಡು ತಿಂತೀವಿ. ನಮ್ಮಪ್ಪ ಎಂಬತ್ತು ದಾಟ್ಯಾನ, ಇನ್ನೂ ಹೊಲಕ್ಕ ಹೋಗ್ತಾನ. ಇದನ್ನ ಬಿಟ್ಟು ಸಾವಿರ ರೂಪಾಯಿ ಕೊಟ್ಟು ಸ್ಪೇನಿನ ಎಣ್ಣಿ ಯಾಕ ತರಬೇಕ್ರಿ? ಸವಿತಕ್ಕಾರ, ನಿಮ್ಮವ್ವಾರು ಹುಬ್ಬಳ್ಳಿಯವರು, ಅವರನ್ನ ಕೇಳ್ರಿ.

ಗಾಣದೆಣ್ಣೆ_ತಿಪಟೂರು
ಬಸಣ್ಣ, ನಾನು ಮರದ ಗಾಣ ಇಟ್ಟವನು. ನಿಮ್ಮ ಮಾತಿಗೆ ಚಪ್ಪಾಳೆ ಹೊಡೀಬೇಕಾದೋನು. ಆದರೆ ನಿಜ ಹೇಳಿದ್ರೆ ಇವೆರಡೂ ಒಂದೇ ಜಾತಿ. ಎಕ್ಸ್‌ಟ್ರಾ ವರ್ಜಿನ್ ಅಂದ್ರೆ ಅವರ ಊರಿನ ಗಾಣದೆಣ್ಣೆ. ನಮ್ಮದು ಬೀಜದ್ದು, ಅವರದ್ದು ಹಣ್ಣಿಂದು, ಅಷ್ಟೇ ವ್ಯತ್ಯಾಸ. ಅದಕ್ಕೇ ನಮ್ಮ ಕಾಯಿಲೆನೇ ಅವರಿಗೂ. ನನ್ನ ಹತ್ರಾನೂ ಬರ್ತಾರೆ, ಐದು ಲೀಟರ್ ಕಡಲೆಕಾಯೆಣ್ಣೆ ಒಯ್ತಾರೆ, ಬಿಸಿಲು ಬೀಳೋ ಕಿಟಕೀಲಿ ಬಿಳೀ ಕ್ಯಾನಲ್ಲಿ ಇಡ್ತಾರೆ, ಮೂರು ತಿಂಗಳಿಗೆ ಕಮಟು ಅಂತ ವಾಪಸ್ ತಂದು ಜಗಳ ಆಡ್ತಾರೆ. ಒಂದೊಂದೇ ಲೀಟರ್ ಒಯ್ಯಿ ತಾಯಿ ಅಂದ್ರೆ 'ವ್ಯಾಪಾರ ಬೇಡ್ವೇನ್ರಿ' ಅಂತಾರೆ.

ಸವಿತಾ ಅಕ್ಕ, 'ಪೋಮಸ್' ಅಂತ ಬರೆದಿರೋದನ್ನ ಮಾತ್ರ ನೋಡ್ಕೊಳ್ಳಿ. ಗಾಣ ಆಡಿಸಿ ಉಳಿದ ಹಿಂಡಿ ನಾವು ಹಸುವಿಗೆ ಹಾಕ್ತೀವಿ. ಅವರು ಹಿಂಡಿಯಿಂದ ಮತ್ತೂ ಎಣ್ಣೆ ಎಳೀತಾರಂತೆ.

ಗ್ರಾನಡಾದ_ಕನ್ನಡಿಗ
ಹೌದು ಸರ್. ಇಲ್ಲಿ ಹಿಂಡಿ ಅಂದ್ರೆ ಒದ್ದೆ ರೊಚ್ಚು, 'ಅಲ್ಪೆರುಹೊ' ಅಂತಾರೆ. ಚಳಿಗಾಲದಲ್ಲಿ ಊರು ಹತ್ತಿರ ಬಂತು ಅನ್ನೋದು ಆ ವಾಸನೆಯಿಂದಲೇ ಗೊತ್ತಾಗುತ್ತೆ. ಅದನ್ನ ಬೇರೆ ಕಾರ್ಖಾನೆಗೆ ಲಾರಿಯಲ್ಲಿ ಸಾಗಿಸಿ, ಒಣಗಿಸಿ, ಹೆಕ್ಸೇನ್ ಅನ್ನೋ ರಾಸಾಯನಿಕ ಹಾಕಿ ಉಳಿದ ಎಣ್ಣೆ ಕರಗಿಸಿ ತೆಗೆದು, ರಿಫೈನ್ ಮಾಡ್ತಾರೆ. ಅದೇ ಪೋಮಸ್. ವಿಷ ಏನಲ್ಲ, ಕರಿಯೋಕೆ ಹೋಟೆಲ್‌ನವರು ಬಳಸ್ತಾರೆ. ಆದರೆ ಆಲಿವ್ ಹೆಸರಿಗೆ ಅದಕ್ಕೆ ದುಡ್ಡು ಸುರಿಯೋ ಬದಲು ನಿಮ್ಮ ಕಡಲೆಕಾಯೆಣ್ಣೆ ಎಷ್ಟೋ ವಾಸಿ.

ಫ್ರೀಮಾಂಟ್_ಸುಮ
ನಾನು ಕ್ಯಾಲಿಫೋರ್ನಿಯಾದಲ್ಲಿದ್ದೀನಿ, ಇಲ್ಲಿ ಕಲಿತ ಎರಡು ಪಾಠ ಹೇಳ್ತೀನಿ. ಮುಂದಿನ ಲೇಬಲ್ ನಂಬಬೇಡಿ, ಹಿಂದಿನದು ಓದಿ. ಮುಂದೆ ಇಟಲಿಯ ಬಾವುಟ, ಗುಡ್ಡ, ಅಜ್ಜಿಯ ಚಿತ್ರ. ಹಿಂದೆ ಸಣ್ಣಕ್ಷರದಲ್ಲಿ ಸ್ಪೇನ್, ಗ್ರೀಸ್, ಟ್ಯುನೀಷಿಯಾ. 'ಇಟಲಿಯಲ್ಲಿ ಬಾಟಲಿಗೆ ತುಂಬಿದ್ದು' ಅಂದ್ರೆ ಇಟಲಿಯಲ್ಲಿ ಬೆಳೆದದ್ದು ಅಂತಲ್ಲ. ಮಿಶ್ರಣ ಅಂದ ಮಾತ್ರಕ್ಕೆ ಕೆಟ್ಟದ್ದೂ ಅಲ್ಲ, ಟ್ಯುನೀಷಿಯಾದ್ದು ಚೆನ್ನಾಗೇ ಇರುತ್ತೆ. ಆದರೆ ಬಾವುಟಕ್ಕೆ ದುಡ್ಡು ಕೊಡಬೇಡಿ.

ಎರಡನೇದು, 2010ರಲ್ಲಿ ಇಲ್ಲಿನ ಡೇವಿಸ್ ವಿಶ್ವವಿದ್ಯಾಲಯದವರು ಅಂಗಡಿಯಿಂದ ಬಾಟಲಿ ಕೊಂಡು ಪರೀಕ್ಷೆ ಮಾಡಿದ್ರು. ಹೊರದೇಶದಿಂದ ಬಂದ ಎಕ್ಸ್‌ಟ್ರಾ ವರ್ಜಿನ್ ಮಾದರಿಗಳಲ್ಲಿ 69% ಆ ರುಚಿ ಪರೀಕ್ಷೆಯಲ್ಲಿ ಬಿದ್ದವು. ಆ ಸುದ್ದಿ ಇನ್ನೂ ವಾಟ್ಸಾಪಲ್ಲಿ "70% ಆಲಿವ್ ಎಣ್ಣೆ ನಕಲಿ" ಅಂತ ಓಡಾಡ್ತಿದೆ.

ಲ್ಯಾಬ್‌ಕೋಟು_ಮೈಸೂರು
ಅದು ತಪ್ಪು ಓದು ಸುಮಾ ಅವರೇ, ನೀವು ಎತ್ತಿದ್ದು ಒಳ್ಳೇದಾಯ್ತು. ರುಚಿಯಲ್ಲಿ ಬಿತ್ತು ಅಂದ್ರೆ ಬೇರೆ ಎಣ್ಣೆ ಬೆರೆಸಿದ್ರು ಅಂತಲ್ಲ. ಹೆಚ್ಚಿನವು ಹಳಸಿದ್ದು, ಇಲ್ಲವೇ ಕಾಯೇ ಚೆನ್ನಾಗಿರಲಿಲ್ಲ. ಕ್ಯಾಲಿಫೋರ್ನಿಯಾದ ಬೆಳೆಗಾರರ ದುಡ್ಡೂ ಆ ಅಧ್ಯಯನಕ್ಕೆ ಹೋಗಿತ್ತು, ಅದೂ ನೆನಪಿರಲಿ. ನನಗೆ ಕಂಡ ಮಟ್ಟಿಗೆ ನಮ್ಮ ಅಂಗಡಿಗಳ ದೊಡ್ಡ ಸಮಸ್ಯೆ ಕಲಬೆರಕೆಗಿಂತ ಹಳಸು. ಹಡಗಲ್ಲಿ ಬಂದು, ಗೋದಾಮಲ್ಲಿ ಕೂತು, ಆಮೇಲೆ ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಪಾರದರ್ಶಕ ಬಾಟಲಿಯಲ್ಲಿ ಆರು ತಿಂಗಳು.

ಅಂದ ಹಾಗೆ 'ಫ್ರಿಜ್‌ನಲ್ಲಿಟ್ಟಾಗ ಗಟ್ಟಿಯಾದ್ರೆ ಅಸಲಿ' ಅನ್ನೋ ಪರೀಕ್ಷೆ ಯಾರೂ ಮಾಡಬೇಡಿ. ತಳಿ ಮೇಲೆ, ಎಣ್ಣೆಯಲ್ಲಿರೋ ಮೇಣದಂಶದ ಮೇಲೆ ಅದು ಬದಲಾಗುತ್ತೆ. ಅಸಲಿ ನೀರಾಗೇ ಇರಬಹುದು, ಕಲಬೆರಕೆ ಗಟ್ಟಿಯಾಗಬಹುದು.

ಸವಿತಾ_ರಾಜಾಜಿನಗರ
ಅಯ್ಯೋ, ಆ ಪರೀಕ್ಷೆ ನಾನು ನಿನ್ನೆ ಮಾಡಿಬಿಟ್ಟೆ. ಎರಡೂ ತುಪ್ಪದ ಹರಳಿನ ಹಾಗೆ ಆದವು. ಹೊರಗೆ ತೆಗೆದಿಟ್ಟ ಮೇಲೆ ಸರಿಹೋದವು.

ಒಗ್ಗರಣೆ ವಿಷಯ ಯಾರೂ ಹೇಳ್ಲಿಲ್ಲ. ಬಿಸಿ ಮಾಡಿದ್ರೆ ವಿಷ ಆಗುತ್ತೆ ಅಂತ ನಮ್ಮ ಅಪಾರ್ಟ್‌ಮೆಂಟ್ ಗುಂಪಲ್ಲಿ ದಿನಕ್ಕೊಂದು ವಿಡಿಯೋ ಬರುತ್ತೆ.

ಲ್ಯಾಬ್‌ಕೋಟು_ಮೈಸೂರು
ಆಗಲ್ಲ. ಒಳ್ಳೇ ಎಕ್ಸ್‌ಟ್ರಾ ವರ್ಜಿನ್ ಹೊಗೆಯಾಡೋದು ಸುಮಾರು 190ರಿಂದ 210 ಡಿಗ್ರಿ ಹೊತ್ತಿಗೆ. ಪೂರಿ, ಬೋಂಡ ಕರಿಯೋದು 170–190ರ ಒಳಗೆ. ಪಲ್ಯದ ಒಗ್ಗರಣೆ ಸಾಸಿವೆ ಸಿಡಿಯೋ ಹೊತ್ತಿಗೆ ಉರಿ ಸಣ್ಣ ಮಾಡ್ತೀವಿ, ಏನೂ ತೊಂದರೆ ಇಲ್ಲ. ಬಿಸಿಗೆ ಎಣ್ಣೆ ಎಷ್ಟು ತಡ್ಕೊಳ್ಳುತ್ತೆ ಅನ್ನೋದು ಹೊಗೆಯಿಂದಷ್ಟೇ ತೀರ್ಮಾನ ಆಗಲ್ಲ. ಇದರಲ್ಲಿ ಓಲಿಯಿಕ್ ಅನ್ನೋ ಕೊಬ್ಬಿನಾಮ್ಲ 55–83% ಇರುತ್ತೆ, ಅದು ಸುಲಭಕ್ಕೆ ಮುರಿಯಲ್ಲ. ಆ ಕಹಿ, ಘಾಟು ಕೊಡೋ ಪಾಲಿಫಿನಾಲುಗಳೂ ಎಣ್ಣೆಯನ್ನ ಕಾಯ್ತವೆ.

ಆದರೂ ನಾನು ಒಗ್ಗರಣೆಗೆ ಹಾಕಲ್ಲ. ವಿಷ ಅಂತ ಅಲ್ಲ, ದಂಡ ಅಂತ. ಇಂಗು, ಕರಿಬೇವು, ಒಣಮೆಣಸಿನಕಾಯಿ ಬಿದ್ದ ಮೇಲೆ ಆ ಹುಲ್ಲು-ಟೊಮೇಟೊ ಪರಿಮಳ ಯಾರ ಮೂಗಿಗೆ ಸಿಗುತ್ತೆ? ಸಾವಿರದ ಸೀರೆ ಉಟ್ಟು ಕೊಟ್ಟಿಗೆ ಗುಡಿಸಿದ ಹಾಗೆ.

ಬಾಗೇವಾಡಿ_ಬಸು
ಈ ಮಾತು ಒಪ್ಪಿದೆ ನೋಡ್ರಿ.

ಮೆಲ್ಬರ್ನ್_ಮಲೆನಾಡಿಗ
ಕೊಯ್ಲಿನ ತಾರೀಖು ನೋಡೋರಿಗೆ ಒಂದು ಉಪಾಯ. ಸ್ಪೇನ್, ಇಟಲಿ, ಗ್ರೀಸಲ್ಲಿ ಕೊಯ್ಲು ಅಕ್ಟೋಬರಿಂದ ಜನವರಿ. ನಮ್ಮ ಆಸ್ಟ್ರೇಲಿಯಾದಲ್ಲಿ, ಚಿಲಿಯಲ್ಲಿ, ದಕ್ಷಿಣ ಆಫ್ರಿಕಾದಲ್ಲಿ ಏಪ್ರಿಲಿಂದ ಜೂನ್. ಹಾಗಾಗಿ ಸೆಪ್ಟೆಂಬರ್–ಅಕ್ಟೋಬರಲ್ಲಿ ಯುರೋಪಿನ ಎಣ್ಣೆ ಕೊಂಡ್ರೆ ಅದಕ್ಕೆ ವರ್ಷ ತುಂಬ್ತಾ ಬಂದಿರುತ್ತೆ, ಇಲ್ಲಿಯದ್ದು ಹೊಸದಾಗಿರುತ್ತೆ. ಮಾರ್ಚಲ್ಲಿ ಕೊಂಡ್ರೆ ತಿರುವುಮುರುವು. ಎಲ್ಲ ಊರಲ್ಲೂ ಎಲ್ಲ ಸಿಗಲ್ಲ, ಆದರೂ ಲೆಕ್ಕ ತಲೇಲಿರಲಿ. ಹೊಸ ಅಕ್ಕಿ ಹಳೇ ಅಕ್ಕಿ ಲೆಕ್ಕ ಇಲ್ಲಿ ಉಲ್ಟಾ. ಇದು ಹೊಸದಿದ್ದಷ್ಟೂ ಒಳ್ಳೇದು.

ಚಾರ್ಮಾಡಿ_ಚಾರಣ
ನಮ್ಮ ದೇಶದ್ದೇ ಯಾಕೆ ಇಲ್ಲ? ನಮ್ಮ ಕಾಫಿ ತೋಟದಲ್ಲಿ ಹಾಕಬಹುದಾ?

ಮೆಲ್ಬರ್ನ್_ಮಲೆನಾಡಿಗ
ಚಾರ್ಮಾಡಿ ಮಳೆಗೆ ಗಿಡ ಕೊಳೆತು ಹೋಗುತ್ತೆ ಮಾರಾಯ! ಹೂ ಬಿಡಬೇಕಾದ್ರೆ ಚಳಿ ಬೇಕು, ಆಮೇಲೆ ಒಣ ಬೇಸಿಗೆ ಬೇಕು. ರಾಜಸ್ಥಾನದಲ್ಲಿ ಇಸ್ರೇಲಿನವರ ಸಹಾಯದಿಂದ 2007ರಿಂದೀಚೆಗೆ ಹಾಕಿದ್ದಾರೆ, ಬಿಕಾನೇರ್ ಹತ್ತಿರದ ಲೂಣಕರಣಸರದಲ್ಲಿ ಎಣ್ಣೆ ತೆಗೆಯೋ ಘಟಕವೂ ಇದೆ.

ಸ್ಟೆತೊಸ್ಕೋಪ್
ಡಾಕ್ಟರ್ ಆಗಿ ಎರಡು ಮಾತು. ಆ ಗಂಟಲ ಘಾಟಿಗೆ ಒಂದು ಹೆಸರಿದೆ, ಓಲಿಯೋಕ್ಯಾಂಥಾಲ್. ಕಂಡುಹಿಡಿದ ಕಥೆ ಸೊಗಸಾಗಿದೆ. ಫಿಲಡೆಲ್ಫಿಯಾದ ಮೊನೆಲ್ ಸಂಸ್ಥೆಯ ವಿಜ್ಞಾನಿ ಗ್ಯಾರಿ ಬೋಚಾಂಪ್ ದ್ರವರೂಪದ ಐಬುಪ್ರೊಫೆನ್ ಅನ್ನೋ ನೋವಿನ ಔಷಧಿಯ ರುಚಿ ಮೇಲೆ ಕೆಲಸ ಮಾಡ್ತಿದ್ರು. ಸಿಸಿಲಿಗೆ ಒಂದು ಸಮಾವೇಶಕ್ಕೆ ಹೋದಾಗ ಯಾರೋ ಹೊಸ ಆಲಿವ್ ಎಣ್ಣೆ ಕೊಟ್ರು. ನುಂಗಿದ ಕೂಡಲೇ ಗಂಟಲಲ್ಲಿ ಅದೇ ಔಷಧಿಯ ಕಚ್ಚು! ಊರಿಗೆ ಹೋಗಿ ಹುಡುಕಿದಾಗ ಈ ವಸ್ತು ಸಿಕ್ತು, ಐಬುಪ್ರೊಫೆನ್ ತಡೆಯೋ ಕಿಣ್ವಗಳನ್ನೇ ಇದೂ ತಡೆಯುತ್ತೆ. 2005ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಹಾಗಂತ ಮಂಡಿನೋವಿಗೆ ಎಣ್ಣೆ ಕುಡೀಬೇಡಿ. ಅವರೇ ಹಾಕಿದ ಲೆಕ್ಕದ ಪ್ರಕಾರ 50 ಗ್ರಾಂ ಎಣ್ಣೆಯಲ್ಲಿ ದೊಡ್ಡವರ ಒಂದು ಡೋಸಿನ ಹತ್ತನೇ ಒಂದು ಭಾಗದಷ್ಟು ಪರಿಣಾಮ ಮಾತ್ರ.

ಹೃದಯಕ್ಕೆ ಒಳ್ಳೇದು ಅನ್ನೋಕೆ ದೊಡ್ಡ ಆಧಾರ ಸ್ಪೇನಿನ 'ಪ್ರೆಡಿಮೆಡ್' ಅಧ್ಯಯನ. ಏಳು ಸಾವಿರಕ್ಕೂ ಹೆಚ್ಚು ಜನ. 2013ರಲ್ಲಿ ಪ್ರಕಟ ಆಯ್ತು, ಜನರನ್ನ ಗುಂಪಿಗೆ ಹಂಚಿದ ರೀತಿಯಲ್ಲಿ ಲೋಪ ಇದೆ ಅಂತ 2018ರಲ್ಲಿ ವಾಪಸ್ ತೆಗೆದು, ತಿದ್ದಿ ಮತ್ತೆ ಹಾಕಿದ್ರು. ಫಲಿತಾಂಶ ಹೆಚ್ಚುಕಮ್ಮಿ ಅದೇ ಉಳೀತು. ಆದರೆ ಅಲ್ಲಿ ಹೋಲಿಸಿದ್ದು ಕೊಬ್ಬು ಕಮ್ಮಿ ಮಾಡಿ ಅಂತ ಸಲಹೆ ಪಡೆದವರ ಜೊತೆ. ಕುಸುಬೆ ಎಣ್ಣೆ, ಕಡಲೆಕಾಯೆಣ್ಣೆ ಜೊತೆ ಅಲ್ಲ. ಬಸು ಅವರ ತಂದೆ ಹೊಲಕ್ಕೆ ಹೋಗ್ತಾರಲ್ಲ, ಅದಕ್ಕೆ ಯಾವ ಎಣ್ಣೆಗಿಂತ ಹೆಚ್ಚು ಅಂಕ ಕೊಡ್ತೀನಿ.

ಮಾವಿನ್‌ಕಾಯಿ
ನನಗೆ ಚಿಕ್ಕಂದಿನಿಂದ ಗೊತ್ತಿರೋ ಆಲಿವ್ ಎಣ್ಣೆ ಅಂದ್ರೆ ಮೆಡಿಕಲ್ ಶಾಪಿನ ಫಿಗಾರೊ ಡಬ್ಬಿ. ಮಗು ಹುಟ್ಟಿದ ಮನೆಗೆಲ್ಲ ಅದೇ ಉಡುಗೊರೆ. ಅದನ್ನ ತಿಂತಾರೆ ಅಂತ ಗೊತ್ತಾದಾಗ ನನಗೆ ಇಪ್ಪತ್ತೆರಡು ವರ್ಷ.

ಫ್ರೀಮಾಂಟ್_ಸುಮ
ಹಹ್ಹಾ, ನಮ್ಮಜ್ಜಿ ಇಲ್ಲಿಗೆ ಬಂದಾಗ ಅಡುಗೆಮನೆಯಲ್ಲಿ ಬಾಟಲಿ ನೋಡಿ "ವಿಶೇಷವೇನೇ?" ಅಂತ ಕೇಳಿದ್ರು.

ಗ್ರಾನಡಾದ_ಕನ್ನಡಿಗ
ಬೆಲೆ ಬಗ್ಗೆ ಸವಿತಾ ಮೇಡಂ ಕೇಳಿದ್ರಲ್ಲ. 2022–23ರಲ್ಲಿ ಇಲ್ಲಿ ಬರಗಾಲ, ಹೂ ಬಿಡೋ ಹೊತ್ತಿಗೆ ಬಿಸಿಗಾಳಿ. ಹಿಂದಿನ ವರ್ಷ ಸುಮಾರು 15 ಲಕ್ಷ ಟನ್ ತೆಗೆದ ಸ್ಪೇನ್ ಆ ವರ್ಷ 7 ಲಕ್ಷ ಟನ್ನೂ ಮುಟ್ಟಲಿಲ್ಲ. ಮರುವರ್ಷವೂ ಚೇತರಿಸಿಕೊಳ್ಳಲಿಲ್ಲ. 2024ರ ಜನವರಿಯಲ್ಲಿ ಗಾಣದ ಬಾಗಿಲಲ್ಲೇ ಕಿಲೋಗೆ 9 ಯೂರೋ ಹತ್ತಿರ ಹೋಯ್ತು. ಸೂಪರ್‌ಮಾರ್ಕೆಟ್ಟಲ್ಲಿ ವಿಸ್ಕಿಗೆ ಹಾಕೋ ಕಳ್ಳರ ಬೀಗ ಎಣ್ಣೆ ಬಾಟಲಿಗೂ ಬಂತು, ನನ್ನ ಕಣ್ಣಾರೆ ನೋಡಿದ್ದು. ಜುಲೈನಲ್ಲಿ ಸರ್ಕಾರ ತೆರಿಗೆಯನ್ನೇ ಸೊನ್ನೆ ಮಾಡ್ತು. ಆಮೇಲೆ ಮಳೆ ಬಂದು ಬೆಳೆ ಚೆನ್ನಾಗಾಗಿ ಬೆಲೆ ಇಳೀತು. ಆ ದುಬಾರಿ ಕಾಲದ ದಾಸ್ತಾನನ್ನೇ ಅಂಗಡಿಯವರು 'ಭಾರೀ ರಿಯಾಯಿತಿ' ಅಂತ ಖಾಲಿ ಮಾಡಿದ್ರೆ ಆಶ್ಚರ್ಯ ಇಲ್ಲ. ದೊಡ್ಡ ಡಬ್ಬಿಗೆ ದೊಡ್ಡ ರಿಯಾಯಿತಿ ಕಂಡ್ರೆ ನಾನು ಮೊದಲು ತಾರೀಖು ಹುಡುಕ್ತೀನಿ.

ಇಲ್ಲಿನ ಮನೆಗಳಲ್ಲಿ ಐದು ಲೀಟರಿನ ಕ್ಯಾನೇ ತರೋದು, ಅದು ನಿಜ. ಆದರೆ ಇವರು ಅದನ್ನ ತಿಂಗಳಲ್ಲಿ ಮುಗಿಸ್ತಾರೆ!

ಲ್ಯಾಬ್‌ಕೋಟು_ಮೈಸೂರು
ಅಲ್ಲೇ ಇರೋದು ಲೆಕ್ಕ. ನೀವು ಬೇಯಿಸೋಕೆ ಕಡಲೆಕಾಯೆಣ್ಣೆ ಇಟ್ಕೊಂಡು, ಇದನ್ನ ಹಸಿಯಾಗಿ ಮಾತ್ರ ಬಳಸಿದ್ರೆ ನಾಲ್ಕು ಜನಕ್ಕೆ ದಿನಕ್ಕೆ ಎರಡೂವರೆ ಟೀ ಚಮಚ ಅಂದ್ಕೊಳ್ಳಿ. ಅರ್ಧ ಲೀಟರ್ ಆರು ವಾರ ಬರುತ್ತೆ. ಅದಕ್ಕಿಂತ ದೊಡ್ಡ ಬಾಟಲಿ ನಿಮಗೆ ಬೇಡವೇ ಬೇಡ. ಎಷ್ಟೇ ಅಗ್ಗ ಸಿಗಲಿ. ನಿಮ್ಮ ಬಜೆಟ್ಟಿಗೂ ಅದು ಸರಿಹೋಗುತ್ತೆ.

ಕಡುಬಣ್ಣದ ಗಾಜು ಅಥವಾ ತಗಡು. ಕೊಯ್ಲಿನ ತಾರೀಖು ಇದ್ರೆ ಉತ್ತಮ, ಇಲ್ಲದಿದ್ರೆ 'ಬೆಸ್ಟ್ ಬಿಫೋರ್' ಅತಿ ದೂರ ಇರೋದು. ಸಾಲಿನ ಹಿಂದಿನ ಬಾಟಲಿ ಎಳ್ಕೊಳ್ಳಿ, ಮುಂದಿನದಕ್ಕೆ ಬೆಳಕು ಹೊಡೆದಿರುತ್ತೆ. ಒಂದು ತಮಾಷೆ: ಆಮದು ಮಾಡೋರು ಎಂಆರ್‌ಪಿ, ಎಫ್‌ಎಸ್‌ಎಸ್‌ಎಐ ನಂಬರಿನ ಸ್ಟಿಕರನ್ನ ಕೆಲವು ಸಲ ಸರಿಯಾಗಿ ಕೊಯ್ಲಿನ ತಾರೀಖಿನ ಮೇಲೇ ಅಂಟಿಸಿರ್ತಾರೆ. ನಾನು ಅಂಗಡಿಯಲ್ಲಿ ಉಗುರಲ್ಲಿ ಕೆರೆದು ಸೆಕ್ಯುರಿಟಿಯವನ ಕೈಲಿ ಬೈಸ್ಕೊಂಡಿದ್ದೀನಿ.

ಅಮ್ಮನಿಗೆ ಘಾಟು ಒಗ್ಗದಿದ್ರೆ 'ಅರ್ಬೆಕಿನಾ' ಅಂತ ಬರೆದಿರೋದು ನೋಡಿ. ಅದು ಮೆತ್ತಗಿನ ತಳಿ, ಬಾದಾಮಿ-ಸೇಬಿನ ಥರ. ಪಿಕುವಲ್‌ನಷ್ಟು ಬಾಳಿಕೆ ಇಲ್ಲ, ಬೇಗ ಮುಗಿಸಬೇಕು. ಗ್ರೀಸಿನ 'ಕೊರೊನೆಯ್ಕಿ', ಇಟಲಿಯ 'ಕೊರಾತಿನಾ' ಮತ್ತೆ ಘಾಟಿನವೇ.

ಗಾಣದೆಣ್ಣೆ_ತಿಪಟೂರು
ಮತ್ತೆ ಒಲೆ ಪಕ್ಕ ಇಡಬೇಡ ತಾಯಿ.

ಸವಿತಾ_ರಾಜಾಜಿನಗರ
ಪರೀಕ್ಷೆ ಮುಗೀತು, ವರದಿ ಒಪ್ಪಿಸ್ತಿದ್ದೀನಿ.

ಇವತ್ತು ಬೆಳಗ್ಗೆ ಅಮ್ಮನಿಗೆ ಎರಡು ಕಾಫಿ ಲೋಟದಲ್ಲಿ ಹಾಕಿ, ಸಾಸರ್ ಮುಚ್ಚಿ, ಯಾವುದು ಯಾವುದು ಅಂತ ಹೇಳದೆ ಕೊಟ್ಟೆ. ಮೊದಲನೇದು ಮೂಸಿ ಒಂದು ನಿಮಿಷ ಸುಮ್ಮನಿದ್ರು. "ಇದು ಚಕ್ಕಲಿ ಡಬ್ಬಿ ವಾಸನಿ." ಲ್ಯಾಬ್‌ಕೋಟು ಸರ್ ಬರೆದಿದ್ದನ್ನ ನಾನು ಅವರಿಗೆ ಓದಿ ಹೇಳಿರಲಿಲ್ಲ, ದೇವರಾಣೆ! ಎರಡನೇದು ಮೂಸಿ "ಹಿತ್ತಲದಾಗ ಹಸಿ ಸೊಪ್ಪು ಕೊಯ್ದಂಗ ಐತಿ" ಅಂದ್ರು. ಸೊರ್ರ್ ಅಂತ ಎಳೆದ್ರು, ಮತ್ತೆ ಕೆಮ್ಮು. ಕಣ್ಣಲ್ಲಿ ನೀರು ಬಂದಾಗ ನಕ್ಕುಬಿಟ್ರು. "ಅವತ್ತಿಂದ ಮೂಸಿ ನೋಡಿದ್ದಿಲ್ಲ ನಾ. ಬರೇ ನುಂಗಿದ್ದೆ."

ಮಧ್ಯಾಹ್ನ ರೊಟ್ಟಿ ಮಾಡಿ, ಗುರೆಳ್ಳು ಚಟ್ನಿಪುಡಿಗೆ ಸ್ಪೇನಿನ ಎಣ್ಣೆ ಹಾಕ್ಕೊಂಡು ತಿಂದ್ರು. ಬಸು ಅಣ್ಣ, ನಿಮಗೆ ಒಂದು ಸಂದೇಶ ಇದೆ: "ಕುಸುಬಿ ಎಣ್ಣಿ ಕುಸುಬಿ ಎಣ್ಣಿನ. ಆದ್ರ ಇದಕ್ಕ ಹೆಸರಿಡಾಂಗಿಲ್ಲ." ನನ್ನ ಮಗಳು ಮೊಸರನ್ನದ ಮೇಲೆ ಹಾಕ್ಕೊಂಡ್ಳು, ಅದನ್ನ ಮಾತ್ರ ಯಾರೂ ಮಾಡಬೇಡಿ.

ಸಂಜೆ ಹೋಗಿ 250 ಎಂಎಲ್ ಅರ್ಬೆಕಿನಾ ತಂದೆ, ಹಿಂದಿನ ಸಾಲಿಂದ. ಕೊಯ್ಲಿನ ತಾರೀಖು ಸ್ಟಿಕರ್ ಕೆಳಗೇ ಇತ್ತು! ಮನೆಗೆ ಬಂದು ಕೆರೆದೆ, ಒಂದು ವರ್ಷದೊಳಗಿನದೇ. ಪಾತ್ರೆ ಕಪಾಟಿನ ಕೆಳಗಿನ ಅರೆಗೆ ಸೇರಿಸಿದ್ದೀನಿ.

ಡಬ್ಬಿಯಲ್ಲಿ ಇನ್ನೂ ಎರಡು ಲೀಟರಿದೆ. ಲಂಪಾಂತೆ ಕಥೆ ಕೇಳಿ ದೇವರ ದೀಪಕ್ಕೆ ಹಾಕೋಣ ಅಂದೆ. "ನಮಗ ಬ್ಯಾಡಾದದ್ದು ದೇವರಿಗೇನ?" ಅಂತ ಬೈಸ್ಕೊಂಡೆ. ಸದ್ಯಕ್ಕೆ ಕಿರುಗುಟ್ಟೋ ಬಾಗಿಲ ಕೀಲುಗಳಿಗೆ ಹಾಕೋದು ಅಂತ ತೀರ್ಮಾನ.

ಲ್ಯಾಬ್‌ಕೋಟು_ಮೈಸೂರು
ಕೀಲಿಗೆ ಬೇಡ ಮೇಡಂ! ಅಡುಗೆ ಎಣ್ಣೆ ಗಾಳಿಗೆ ಅಂಟಾಗುತ್ತೆ, ನಾಲ್ಕು ತಿಂಗಳಲ್ಲಿ ಧೂಳು ಹಿಡಿದು ಬಾಗಿಲು ಇನ್ನೂ ಜೋರು ಕಿರುಗುಟ್ಟುತ್ತೆ.

ಸವಿತಾ_ರಾಜಾಜಿನಗರ
ಮಧ್ಯಾಹ್ನವೇ ಹಾಕಿ ಆಯ್ತು ಸರ್. ಎಲ್ಲಾ ಏಳು ಬಾಗಿಲಿಗೂ.